ದಪ್ಪ ತೊಗಲಿನ ಲಿಂಬಿ

ಇಂಡಿಯ ನಿಂಬೆ ಪೇಟೆಯಲ್ಲಿ ಗುರಪ್ಪನಿಗೆ ಮೋಸ ಮಾಡುವುದು ಯಾರಿಂದಲೂ ಆಗುತ್ತಿರಲಿಲ್ಲ. ರೈತ ಚೀಲದ ಬಾಯಿಗೆ ಎಷ್ಟೇ ದೊಡ್ಡ ದೊಡ್ಡ ಹಣ್ಣು ಹೊಂದಿಸಿ ತಂದಿರಲಿ, ಈತ ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ, "ದಪ್ಪ ತೊಗಲೈತಿ ತಮ್ಮಾ. ನೋಡಾಕ ಪೈಲವಾನ, ಒಳಗ ರಸ ಇಲ್ಲ" ಎಂದು ಬದಿಗಿಡುತ್ತಿದ್ದ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪಾಠ. "ಗಾತ್ರ ನೋಡಬ್ಯಾಡ್ರಿ, ತೊಗಲು ನೋಡ್ರಿ." ಮಗಳು ವಿದ್ಯಾವತಿ, ಮಗ ಅಮಿತ ಇಬ್ಬರೂ ಈ ಮಾತನ್ನು ರೊಟ್ಟಿಯ ಜೊತೆಗೆ ನುಂಗಿ ದೊಡ್ಡವರಾದರು. ಇಷ್ಟು ಜಾಣ ಮನುಷ್ಯ ಒಂದೇ ಒಂದು ಸಲ ತನ್ನ ಪಾಠ ತಾನು ಮರೆತ. ಮರೆತದ್ದು ಆತ, ತೆತ್ತದ್ದು ಮಗಳು.

ಅದು ಎರಡು ಸಾವಿರದ ಐದನೆಯ ಇಸವಿ. ಸಂಕ್ರಾಂತಿಯ ಎಳ್ಳು ಇನ್ನೂ ಡಬ್ಬಿಯಲ್ಲಿ ಇರುವಾಗಲೇ ಬಸವನ ಬಾಗೇವಾಡಿಯಿಂದ ಒಂದು ಸಂಬಂಧ ಬಂತು. ಹುಡುಗ ಕಲ್ಮೇಶ, ಗೊಬ್ಬರ ಬೀಜದ ಸ್ವಂತ ಅಂಗಡಿ. ವಿದ್ಯಾವತಿಯ ತಾಯಿ ಸುವರ್ಣಾಗೆ ಕೇಳಿದ ಕೂಡಲೇ ಮನಸ್ಸು ತುಂಬಿತು. ಸಂಜೆ ತಾಟಿಗೆ ರೊಟ್ಟಿ ಬಡಿಸುತ್ತಲೇ ಮಾತು ತೆಗೆದಳು.

"ಹುಡುಗ ಛಲೋ ಅದಾನ, ಮನಿ ಛಲೋ ಐತಿ. ಇನ್ನೇನ್ ಬೇಕು?"

"ಹುಡುಗ ಕೆಟ್ಟಾನ ಅಂತ ನಾ ಎಲ್ಲಿ ಅಂದೆ?" ಎಂದಳು ವಿದ್ಯಾವತಿ. "ನನಗ ಈಗ ಲಗ್ನ ಬ್ಯಾಡ ಅಂದೇನಿ, ಅಷ್ಟ."

"ಮತ್ತ ಯಾವಾಗ? ತಲಿ ಬೆಳ್ಳಗಾದ ಮ್ಯಾಲ?"

"ಯವ್ವಾ, ಜೋಹರಾಬಿ ಚಾಚಿ ಏನಂದಾರ ಅಂತ ಒಂದ್ ಸಲಾ ಕೇಳ್ರಿ ಮೊದ್ಲ."

ಜೋಹರಾಬಿಯ ಮುದ್ರಣಾಲಯ ಬಸ್‌ಸ್ಟ್ಯಾಂಡಿನ ಹಿಂದೆ. ಗಂಡ ಸತ್ತ ಮೇಲೆ ಅದನ್ನು ತಾನೇ ನಡೆಸಿ ಮೂರು ಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು. ವಿದ್ಯಾವತಿ ಬಿ.ಎ. ಮುಗಿಸಿದಾಗಿನಿಂದ ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ಕಂಪೋಜ್ ಮಾಡುತ್ತಿದ್ದಳು. ಆಕೆಯ ಕೈಯಲ್ಲಿ ಅಕ್ಷರ ಒತ್ತಾಗಿ, ಚೆಂದಾಗಿ ಕೂಡುತ್ತಿದ್ದವು. ಈಗ ಜೋಹರಾಬಿ ಹೇಳಿದ್ದು ಇಷ್ಟು: ಅಂಗಡಿಯಲ್ಲಿ ಜಾಗ ಸಾಲದು, ಇದ್ದ ಒಂದು ಹಳೆಯ ಕಂಪ್ಯೂಟರ್ ಕುಂಟುತ್ತದೆ; ನಿನ್ನ ಮನೆಯಲ್ಲಿ ಒಂದು ಗಟ್ಟಿ ಮಷೀನು ಹಾಕು, ಕಂಪೋಜಿನ ಕೆಲಸವೆಲ್ಲ ನಿನಗೇ; ಈ ಹಂಗಾಮು ಸುಸೂತ್ರ ದಾಟಿದರೆ ಮುಂದಿನ ವರ್ಷ ನೀನು ಕೂಲಿಯವಳಲ್ಲ, ಪಾಲುದಾರಳು.

"ನನಗ ಕೈಗೆ ಬಂಗಾರದ ಪಾಟ್ಲಿ ಮಾಡಸ್ಬೇಕಂತ ರೊಕ್ಕ ತಗದಿಟ್ಟೀಯಲ್ಲಪ್ಪಾ," ಎಂದಳು ವಿದ್ಯಾವತಿ, "ಪಾಟ್ಲಿ ಬ್ಯಾಡ. ಕಂಪ್ಯೂಟರ್ ಕೊಡಸು."

"ಶಿವ ಶಿವಾ! ಬಂಗಾರ ಬ್ಯಾಡನ್ನೂ ಹೆಣ್ಣ ಇದೊಂದ ನೋಡವಾ," ಎಂದು ಅಜ್ಜಿ ರುಕ್ಮವ್ವ ಬೊಚ್ಚು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಗುರಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಮಗಳ ಮೇಲೆ ಆತನಿಗೆ ಜೀವ. ಆದರೆ ಪೇಟೆಯ ಮನುಷ್ಯ, ಸುಮ್ಮನೆ ಹೂಂ ಅನ್ನುವ ಚಾಳಿ ಇಲ್ಲ.

"ಆತು. ಲಗ್ನದ ಹಂಗಾಮು ಮುಗದು ಕಾರಹುಣ್ಣಿವಿ ಬರೂತನಕ ನಡಸಿ ತೋರಸು. ಜೋಹರಾಬಿ ಬಾಯಿಲೆ ಹೌದನಸು. ಬಾಗೇವಾಡಿಯವರಿಗೆ ನಾನ ಹೋಗಿ ಬ್ಯಾಡಂದು ಬರ್ತೇನಿ. ನಡುವ ಕೆಲಸ ನಿಂತ್ರ ಮತ್ತ ಬಾಯಿ ತಗೀಬಾರದು, ನಾ ತೋರ್ಸಿದ ಮನಿಗಿ ಹೋಗಬೇಕು. ಏನಂತಿ?"

"ಹೂಂ."

"ಮಾತಂದ್ರ ಮಾತ ನೋಡವಾ," ಎಂದಳು ರುಕ್ಮವ್ವ.

"ಮಾತಂದ್ರ ಮಾತ, ಆಯಿ."

ದಿನಾ ಬಸ್ಸಿಗೆ ಹೋಗಿಬಂದು ಬಿಜಾಪುರದಲ್ಲಿ ಬಿ.ಕಾಂ. ಓದುತ್ತಿದ್ದ ಅಮಿತನಿಗೆ ಈ ಸುದ್ದಿ ಹೋಳಿಗೆಯ ಮೇಲೆ ತುಪ್ಪ ಬಿದ್ದಂತಾಯಿತು. ಕಾಲೇಜು ತಪ್ಪಿಸಿ ಸೈಬರ್ ಸೆಂಟರಿನಲ್ಲಿ ಕಾರು ಓಡಿಸುವ ಆಟ ಆಡುವುದರಲ್ಲಿ ಆತ ಈಗಾಗಲೇ ಪಂಡಿತ. "ಅಕ್ಕಾ, ತಗೋಳೋದಾದ್ರ ಜೋರದ್ದ ತಗೋಳೂಣು. ನಿನ್ನ ಕಾರ್ಡೂ ಆಗ್ತಾವ, ನನ್ನ ಗೇಮೂ ಓಡ್ತಾವ. ಎರಡೂ ಒಮ್ಮೆಲೇ ನಡದ್ರೂ ಮಷೀನು ಹೆದರಬಾರದು."

ವಿದ್ಯಾವತಿಗೂ ಜೋರಿನದೇ ಬೇಕಿತ್ತು. ಒಂದು ಕಡೆ ಸ್ಕ್ಯಾನು, ಇನ್ನೊಂದು ಕಡೆ ದೊಡ್ಡ ದೊಡ್ಡ ಫೋಟೋ, ನಡುವೆ ನಾಲ್ಕು ಪತ್ರಿಕೆ ತೆರೆದಿಟ್ಟು ತಿದ್ದುವ ಕೆಲಸ ಆಕೆಯದು. ಜಗಳ ಇದ್ದದ್ದು ಜೋರು ಎಂದರೆ ಯಾವುದು ಎನ್ನುವುದರಲ್ಲಿ. ಅಮಿತನ ಗೆಳೆಯರೆಲ್ಲ ಒಂದೇ ರಾಗ: ಟೀವಿಯಲ್ಲಿ ಜಾಹೀರಾತು ಬರುತ್ತದಲ್ಲ, ಆ ಕಂಪನಿಯ ಮೂರು ಗಿಗಾಹರ್ಟ್ಸಿನ ಪ್ರೊಸೆಸರು. ವಿದ್ಯಾವತಿ ಬೇರೆ ದಾರಿ ಹಿಡಿದಳು. ಕಂಪ್ಯೂಟರ್ ಕ್ಲಾಸಿನ ಸರ್ ಬಳಿ ಹಳೆಯ ಪತ್ರಿಕೆಗಳನ್ನು ಬೇಡಿ ತಂದು ಓದಿದಳು, ಕಂಡಕಂಡವರನ್ನು ಕೇಳಿದಳು. ಅಷ್ಟೊಂದು ಹೆಸರಿಲ್ಲದ ಇನ್ನೊಂದು ಕಂಪನಿಯದಿತ್ತು, ನಂಬರು ಒಂದು ಪಾಯಿಂಟ್ ಎಂಟು. ನಂಬರು ಸಣ್ಣದು, ಕೆಲಸ ದೊಡ್ಡದು, ಮತ್ತು ಮೈ ತಣ್ಣಗೆ.

ಶಿವರಾತ್ರಿ ಮುಗಿದ ಮೇಲೆ ಅಪ್ಪ, ಮಗಳು, ಮಗ ಮೂವರೂ ಬಸ್ಸು ಹತ್ತಿ ಬಿಜಾಪುರಕ್ಕೆ ಹೋದರು. ಅಂಗಡಿಯವನು ಎರಡೂ ಬಗೆಯ ಕಂಪ್ಯೂಟರನ್ನು ಚಾಲೂ ಮಾಡಿ ಅಕ್ಕಪಕ್ಕ ಇಟ್ಟಿದ್ದ. ವಿದ್ಯಾವತಿ ತಾನು ತಂದಿದ್ದ ಒಂದೇ ಪತ್ರಿಕೆಯನ್ನು ಎರಡರಲ್ಲೂ ತೆರೆದಳು, ಫೋಟೋ ಹಾಕಿದಳು, ತೆಗೆದಳು, ತಿರುಗಿಸಿದಳು. ಆಮೇಲೆ ಎದ್ದು ಹೋಗಿ ಎರಡರ ಬೆನ್ನಿಗೂ ಅಂಗೈ ಹಿಡಿದು ನಿಂತಳು.

"ಅಪ್ಪಾ, ಬಾ ಇಲ್ಲಿ. ಕೈ ಹಿಡದು ನೋಡು. ಮೂರರದ್ದು ರೊಟ್ಟಿ ಹಂಚು ಆದಂಗ ಆಗೈತಿ. ನಮ್ಮ ಇಂಡಿ ಬ್ಯಾಸಗ್ಯಾಗ ಇದು ತಡೀತೈತೇನು? ಕೆಲಸಾನೂ ಈ ಸಣ್ಣ ನಂಬರಿಂದ್ರಾಗ ಲಗೂ ಆತು."

"ಅಕ್ಕಾ, ಏನ್ ಹೇಳಾಕತ್ತಿ? ಮೂರು ಎಲ್ಲಿ, ಒಂದು ಪಾಯಿಂಟ್ ಎಂಟು ಎಲ್ಲಿ!" ಅಮಿತ ಹಣೆ ಬಡಿದುಕೊಂಡ. "ನನ್ನ ದೋಸ್ತರೆಲ್ಲ ನಗ್ತಾರ."

"ನಿನ್ನ ದೋಸ್ತರು ನಗಲಿ ಬಿಡು, ಕೆಲಸ ಮಾಡಾಕಿ ನಾನು."

ಗುರಪ್ಪ ಅಂಗಡಿಯವನ ಮುಖ ನೋಡಿದ. ಆತ ನಕ್ಕು, "ಇಬ್ಬರೂ ಹೇಳೂದು ಬರೋಬರಿ ಐತ್ರಿ ಯಜಮಾನ್ರ. ತಂಗಿ ಹೇಳಿದ್ದ ತಗೊಂಡ್ರೂ ನಡೀತೈತಿ. ಆದ್ರ ಮಂದಿ ಮೂರರದ್ದ ಒಯ್ಯಾಕತ್ತಾರ" ಎಂದ. ಮಂದಿ! ಆ ಒಂದು ಮಾತು ಸಾಕಾಯಿತು ಗುರಪ್ಪನಿಗೆ.

"ಮೂರು ದೊಡ್ಡದೋ, ಎರಡೂ ಆಗದ್ದು ದೊಡ್ಡದೋ? ಪಾಟ್ಲಿ ಬಿಟ್ಟು ಇದನ್ನ ಕೊಡಸಾಕತ್ತೇನಿ. ನಾಳೆ ಮಂದಿ ಕೇಳಿದ್ರ, ಗುರಪ್ಪ ಮಗಳಿಗೆ ಅರ್ಧಮರ್ಧದ್ದು ಕೊಡಸ್ಯಾನ ಅನಬಾರದು."

"ನೀನ ಅಂತಿದ್ದೆಲ್ಲಪ್ಪಾ, ಗಾತ್ರ ನೋಡಬ್ಯಾಡ ಅಂತ? ಇದು ದಪ್ಪ ತೊಗಲಿನ ಲಿಂಬಿ ನೋಡು."

ಅಂಗಡಿಯವನು ಗಟ್ಟಿಯಾಗಿ ನಕ್ಕುಬಿಟ್ಟ. ಪಕ್ಕದ ಗಿರಾಕಿಯೂ ನಕ್ಕ. ಗುರಪ್ಪನ ಕಿವಿ ಕೆಂಪಾದವು.

"ಲಿಂಬಿ ನನಗ ಕಲಸಾಕ ಬಂದೀ ಏನು? ಸುಮ್ ಕೂಡು." ಅಂಗಡಿಯವನ ಕಡೆ ತಿರುಗಿ, "ಮೂರರದ್ದ ಕಟ್ಟಪಾ" ಎಂದ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಸುಮ್ಮನೆ ಅಲ್ಲ. ಅದೇ ಮಾತನ್ನು ಕೋಟು ಹಾಕಿದ ಗಂಡಸೊಬ್ಬ ಹೇಳಿದ್ದರೆ ಗುರಪ್ಪ ಚಹಾ ತರಿಸಿ ಕುಡಿಸಿ ಕೇಳುತ್ತಿದ್ದ.

ಹೊಸ ಮಷೀನು ಪಡಸಾಲೆಯ ಮೂಲೆಯಲ್ಲಿ ಕೂತಿತು. ಸುವರ್ಣಾ ವಿಭೂತಿ, ಕುಂಕುಮ ಹಚ್ಚಿದಳು. ರುಕ್ಮವ್ವ ಒಂದು ವಾರ ಕನ್ನಡಕ ಏರಿಸಿ, ತನ್ನ ಹಳೆಯ ಇಳಕಲ್ಲ ಸೀರೆಯ ತುಂಡುಗಳನ್ನು ಕೂಡಿಸಿ, ಅದಕ್ಕೊಂದು ಪುಟ್ಟ ಕೌದಿ ಹೊಲಿದಳು. ಮನೆಗೆ ಕೂಸು ಬಂದರೆ ಕೌದಿ ಹೊಲಿಯುವ ಕೈ ಅದು, ಇದಕ್ಕೂ ಹೊಲಿಯಿತು.

"ಆಯಿ, ಹೊಚ್ಚಬ್ಯಾಡ. ಅದಕ್ಕ ಗಾಳಿ ಬೇಕು."

"ಧೂಳ ಬೀಳ್ತೈತಿ ನನ್ನವ್ವಾ. ಈಟ್ ಬೆಲೆದ್ದು."

"ಬಂದ್ ಮಾಡಿದ ಮ್ಯಾಲ ಹೊಚ್ಚು. ಚಾಲೂ ಇದ್ದಾಗ ಬ್ಯಾಡ."

"ಚಾಲೂ ಐತೋ ಬಂದ್ ಐತೋ ನನಗೇನ್ ತಿಳೀಬೇಕು? ನಿಮ್ಮವ್ವನ್ನ ಕೇಳಿ ಹೊಚ್ಚತೇನಿ ಬಿಡು."

ಯುಗಾದಿ ಆಯಿತು. ಕೆಲಸ ಹೊಳೆಯಂತೆ ಬಂತು. ಲಚ್ಯಾಣದ ಕಡೆಯವು, ಸಿಂದಗಿಯವು, ಮುದ್ದೇಬಿಹಾಳದ ಒಂದು ಸಾಮೂಹಿಕ ಲಗ್ನದ್ದು. ವಿದ್ಯಾವತಿ ಮುಂಜಾನೆ ಕಸ ಮುಸುರೆ ಮುಗಿಸಿ ಕೂತರೆ ಮಧ್ಯಾಹ್ನಕ್ಕೆ ಬೆರಳು ಬಿಡಿಸುತ್ತಿದ್ದಳು. ಬಿಸಿಲೇರಿದಂತೆ ಮಷೀನಿನ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಎರಡು ಸಲ ತಾನಾಗೇ ಬಂದ್ ಆಯಿತು. ವಿದ್ಯಾವತಿ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದಳು. ಊಟಕ್ಕೆ ಕೂತ ಗುರಪ್ಪ ಬೆವರು ಒರೆಸಿಕೊಂಡು ಗದರಿದ.

"ಮನಶ್ಯಾರಿಗೆ ಗಾಳಿ ಇಲ್ಲ, ಡಬ್ಬಿಗೆ ಗಾಳಿ! ಈ ಕಡೆ ತಿರವು."

"ತಿರವಿದ್ರ ಅದು ನಿಲ್ತೈತಪ್ಪಾ."

"ಮೂರರದ್ದದು! ಅದಕ್ಕೇನ್ ಧಾಡಿ?"

"ಮೂರರದ್ದಂತ ಅದಕ್ಕ ಸೆಕಿ," ಎಂದು ವಿದ್ಯಾವತಿ ಶೇಂಗಾ ಹಿಂಡಿಯ ಬಟ್ಟಲನ್ನು ಆತನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಒಂದು ಸಂಜೆ ಜೋಹರಾಬಿ ತಾನೇ ಮನೆಗೆ ಬಂದಳು. ಸುವರ್ಣಾ ಕೊಟ್ಟ ಚಹಾ ಕುಡಿದು, ಹೊಸ ಪತ್ರಿಕೆಗಳನ್ನು ತಿರುವಿ ನೋಡಿ, ಗುರಪ್ಪನಿಗೆ ಕೇಳುವ ಹಾಗೆ ಹೇಳಿದಳು: "ನಿಮ್ಮ ಮಗಳ ಕೈ ಬಂಗಾರ ಐತ್ರೀ ಅಣ್ಣಾರ. ಇನ್ನೊಂದು ತಿಂಗಳು ಹಿಂಗ ನಡೀಲಿ, ಬೋರ್ಡಿನ ಮ್ಯಾಲ ನನ್ನ ಹೆಸರಿನ ಜೋಡಿ ಇಕಿ ಹೆಸರೂ ಬರಸ್ತೇನಿ."

ಆ ಸಂಜೆ ವಿದ್ಯಾವತಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಹಾಡು ಗುನುಗಿದಳು. ಸುವರ್ಣಾ ಒಲೆಯ ಮುಂದಿನಿಂದ ಕೇಳಿಸಿಕೊಂಡು, "ಇರಲಿ ಬಿಡ್ರಿ, ಬಾಗೇವಾಡಿಯವರಿಗೆ ಇಲ್ಲಂದ್ರಾತು" ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ಆತನೂ "ನೋಡೂಣಂತ" ಎಂದು ಮೀಸೆಯಲ್ಲಿ ನಕ್ಕ. ಅಷ್ಟು ಹತ್ತಿರ ಬಂದಿತ್ತು!

ಬಸವ ಜಯಂತಿಯ ದಿನ. ಸಿಂದಗಿಯ ದೊಡ್ಡ ಮನೆತನವೊಂದರ ಲಗ್ನಪತ್ರಿಕೆ ಕೈಯಲ್ಲಿತ್ತು. ಸ್ವಾಮಿಗಳ ಫೋಟೋ, ಅಜ್ಜ ಮುತ್ತಜ್ಜರ ಫೋಟೋ, ಹತ್ತಾರು ಬೀಗರ ಹೆಸರು. ಮರುದಿನ ಮುಂಜಾನೆ ಅದು ಮುದ್ರಣಕ್ಕೆ ಹೋಗಲೇಬೇಕು. ವಿದ್ಯಾವತಿ ಮುಕ್ಕಾಲು ಮುಗಿಸಿದ್ದಳು.

"ವಿದ್ಯಾ, ಬಾರಾ ಇಲ್ಲಿ. ಹೂರಣ ಆರಾಕತ್ತೈತಿ. ನಾ ಒಬ್ಬಾಕೆ ಎಷ್ಟಂತ ಹೋಳಿಗಿ ಲಟ್ಟಸಲಿ?" ಅಡಿಗೆ ಮನೆಯಿಂದ ಸುವರ್ಣಾ ಕೂಗಿದಳು.

"ಬಂದೆ ಯವ್ವಾ, ಒಂದೀಟು..."

"ಹಬ್ಬದ ದಿನಾನೂ ಅದರ ಮುಂದ ಕುಂತೀಯಲ್ಲ! ಬಾ ಅಂದ್ರ ಬಾ."

ವಿದ್ಯಾವತಿ ಪತ್ರಿಕೆ ತೆರೆದೇ ಬಿಟ್ಟು ಎದ್ದಳು. ಆಕೆ ಅತ್ತ ಹೋದದ್ದೇ ತಡ, ಇತ್ತ ಅಮಿತ ಕೂತ. ಅಕ್ಕನ ಕೆಲಸ ಮುಟ್ಟಲಿಲ್ಲ, ಪಾಪ. ಅದನ್ನು ಹಿಂದೆ ಹಾಗೇ ಇಟ್ಟು ಮೇಲೆ ತನ್ನ ಕಾರಿನ ಆಟ ಹಚ್ಚಿದ. ಎರಡೂ ಒಮ್ಮೆಲೇ ನಡೆದರೆ ತಾನೇ ಮೂರರದ್ದು ತಂದದ್ದು ಸಾರ್ಥಕ? ಅಷ್ಟರಲ್ಲಿ ಹೊರಗೆ ಧೂಳುಗಾಳಿ ಎದ್ದಿತು. ಕಿಟಕಿ ಬಾಗಿಲು ದಡದಡ ಬಡಿದವು. ಕಣದ ಹೊಟ್ಟು, ಕೆಮ್ಮಣ್ಣು ಎಲ್ಲ ಪಡಸಾಲೆಗೆ ನುಗ್ಗಿತು. ರುಕ್ಮವ್ವ ಲಗುಬಗೆಯಿಂದ ಬಂದು, "ಅಯ್ಯ, ಎಲ್ಲಾ ಧೂಳಾತು" ಎಂದು ಡಬ್ಬಿಯ ಮೇಲೆ, ಹಿಂದೆ, ಮುಂದೆ ಕೌದಿಯನ್ನು ಒಪ್ಪವಾಗಿ ಹೊದಿಸಿದಳು. ಟೇಬಲ್ ಫ್ಯಾನು ಮಣ್ಣು ಎಬ್ಬಿಸುತ್ತದೆಂದು ಅದನ್ನೂ ಬಂದ್ ಮಾಡಿದಳು. ಆಟದ ಭರದಲ್ಲಿದ್ದ ಅಮಿತ ತಿರುಗಿ ನೋಡಲಿಲ್ಲ.

ಹೋಳಿಗೆ ಬೇಯುವ ಘಮಲಿನ ನಡುವೆ ಒಂದು ಸುಟ್ಟ ವಾಸನೆ ಬಂತು. "ಯವ್ವಾ, ಹೋಳಿಗಿ ಹೊತ್ತಿತೇನು?" ಎಂದಳು ವಿದ್ಯಾವತಿ. ಹಂಚಿನ ಮೇಲಿನ ಹೋಳಿಗೆ ಹಳದಿಯಾಗಿಯೇ ಇತ್ತು. ಆಕೆ ಕೈಯ ಕಣಕವನ್ನೂ ತೊಳೆಯದೆ ಓಡಿದಳು.

ಕೌದಿ ಎಳೆದಾಗ ಡಬ್ಬಿ ಮುಟ್ಟುವಂತಿರಲಿಲ್ಲ. ಪರದೆ ಕಪ್ಪಾಗಿತ್ತು. ಅಮಿತ ಗುಂಡಿ ಒತ್ತಿದ, ಮತ್ತೆ ಒತ್ತಿದ. ಏನೂ ಇಲ್ಲ.

"ನಾ ಏನೂ ಮಾಡಲಿಲ್ಲಕ್ಕಾ..."

"ಧೂಳ ಬೀಳ್ತೈತಂತ ಹೊಚ್ಚೇನವಾ," ಎಂದಳು ರುಕ್ಮವ್ವ.

ಬಾಗಿಲಲ್ಲಿ ನಿಂತ ಸುವರ್ಣಾಗೆ ತಾನು ಕೂಗಿ ಕರೆದದ್ದು ಆಗ ನೆನಪಾಯಿತು. ವಿದ್ಯಾವತಿ ಯಾರಿಗಂತ ಅನ್ನಬೇಕು? ಪ್ರೀತಿಯಿಂದಲೇ ಎಲ್ಲರೂ ಕೂಡಿ ಕೊಂದಿದ್ದರು. ಮಾಡಿದ ಹೋಳಿಗೆಯನ್ನು ಆ ದಿನ ಆ ಮನೆಯಲ್ಲಿ ಯಾರೂ ಬಾಯಿ ತುಂಬ ತಿನ್ನಲಿಲ್ಲ.

ಬಿಜಾಪುರದ ಅಂಗಡಿಯವನು ಹೊಸ ಸಾಮಾನು ಬರಲು ವಾರದ ಮೇಲಾಗುತ್ತದೆ ಎಂದ. ಸಿಂದಗಿಯವರು ಕಾಯಲಿಲ್ಲ, ಬೇರೆ ಊರಲ್ಲಿ ಮಾಡಿಸಿಕೊಂಡರು. ಹಿಂದಿದ್ದ ಇನ್ನೆರಡು ಪತ್ರಿಕೆಗಳೂ ತಡವಾದವು. ಜೋಹರಾಬಿ ಬೈಯಲಿಲ್ಲ. ವಿದ್ಯಾವತಿಯ ತಲೆ ನೇವರಿಸಿ, "ನಿನ್ನ ಕೈಮ್ಯಾಲ ನನಗ ಭರೋಸಾ ಐತಿ ಬೇಟಿ. ಮಷೀನಿನ ಮ್ಯಾಲ ಇಲ್ಲ. ಲಗ್ನದ ಮಂದಿ ನಿಲ್ಲಂಗಿಲ್ಲಲ್ಲವಾ, ನಾ ಏನ್ ಮಾಡ್ಲಿ?" ಎಂದಳು. ಉಳಿದ ಕೆಲಸ ಬಿಜಾಪುರದವರ ಪಾಲಾಯಿತು.

ಇತ್ತ ಬಾಗೇವಾಡಿಯವರು ಮತ್ತೆ ಹೇಳಿಕಳಿಸಿದರು. ಗುರಪ್ಪ ರೊಟ್ಟಿ ಮುರಿಯುತ್ತ ಮಗಳ ಕಡೆ ನೋಡದೆ, "ಮಾತಿನ ನೆನಪೈತಿಲ್ಲೋ?" ಎಂದ.

"ಐತಿ," ಎಂದಳು ವಿದ್ಯಾವತಿ. "ಬರ ಹೇಳು."

ಬಾಗೇವಾಡಿಯವರು ಬರುವ ದಿನವೇ ರಿಪೇರಿಯಾದ ಮಷೀನನ್ನು ತರಲು ಗುರಪ್ಪ ಬೆಳಗಿನ ಬಸ್ಸಿಗೆ ಬಿಜಾಪುರಕ್ಕೆ ಹೋಗಿದ್ದ. ಮನೆಯಲ್ಲಿ ಕೂತು ಮಗಳ ಮುಖ ನೋಡಲಾರದೆ ಹೋದನೋ ಏನೋ. ಅಂಗಡಿಯವನು ಸುಟ್ಟ ಪ್ರೊಸೆಸರನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಹೆಬ್ಬೆರಳಗಲದ ಚೌಕ, ಅಷ್ಟೇ.

"ಕೌದಿ ಹೊಚ್ಚಿದ್ದಕ್ಕ ಸುಟ್ಟೈತೇನು?" ಗುರಪ್ಪ ಕೇಳಿದ. ಹೌದು ಅನ್ನಲಿ ಎಂದು ಆತನಿಗೆ ಆಸೆ ಇತ್ತು.

"ಕೌದಿ ಒಂದು ನೆವ ಆತ್ರಿ. ಇದು ಮೊದಲಿಂದಾನ ಬೆಂಕಿ. ನಿಮ್ಮ ಸೆಕಿಗೆ, ನಿಮ್ಮ ಕೆಲಸಕ್ಕ ಆ ಸಣ್ಣ ನಂಬರಿಂದು ಬರೋಬರಿ ಇತ್ತು. ತಂಗಿ ಅವತ್ತ ಹೇಳಿದ್ಲಲ್ರಿ."

"ಮತ್ತ ನೀ ಯಾಕ ಬಿಡಿಸಿ ಹೇಳಲಿಲ್ಲೋ?"

"ನೀವು ಸಿಟ್ಟಾಗಿದ್ರಿ ಯಜಮಾನ್ರ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗುರಪ್ಪ ನಿರ್ಧಾರ ಮಾಡಿದ. ಹೋದ ಕೂಡಲೇ ಹೇಳಿಬಿಡುವುದು: ತಪ್ಪು ನಂದು, ಹುಡುಗಿಯದಲ್ಲ, ಇನ್ನೊಂದು ವರ್ಷ ಬಿಡ್ರಿ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಮನೆ ಬಾಗಿಲಿಗೆ ಬಂದರೆ ಹೊರಗೆ ಚಪ್ಪಲಿಯ ರಾಶಿ. ಒಳಗೆ ಜಮಖಾನೆಯ ಮೇಲೆ ಬೀಗರಾಗುವವರು, ಓಣಿಯ ಹಿರಿಯರು, ನಡುವೆ ಸಕ್ಕರೆ ತುಂಬಿದ ಹಿತ್ತಾಳೆಯ ತಾಟು. ನಮ್ಮ ಕಡೆ ಸಕ್ಕರೆ ಹಂಚಿದರೆಂದರೆ ಮುಗಿಯಿತು, ಅಲ್ಲಿಂದ ಹಿಂದೆ ಬರುವ ದಾರಿ ಇಲ್ಲ.

"ಬರ್ರಿ ಬರ್ರಿ, ನಿಮ್ಮದ ದಾರಿ ಕಾಯಾಕತ್ತಿದ್ವಿ," ಎಂದರು ಕಲ್ಮೇಶನ ತಂದೆ. "ಬಾಯಿ ತಗೀರಿ ಬೀಗರ."

ಗುರಪ್ಪ ನಡುಬಾಗಿಲ ಕಡೆ ನೋಡಿದ. ವಿದ್ಯಾವತಿ ಹಸಿರು ಸೀರೆ ಉಟ್ಟು ಅಜ್ಜಿಯ ಪಕ್ಕ ನಿಂತಿದ್ದಳು. ಅಪ್ಪನ ಕೈಯಲ್ಲಿದ್ದ ಡಬ್ಬಿಯನ್ನೇ ನೋಡುತ್ತಿದ್ದಳು. ಆಗ ಬಾಯಿ ತೆಗೆಯಬೇಕಿತ್ತು. ತೆಗೆದ, ಸಕ್ಕರೆ ಹಾಕಿಸಿಕೊಳ್ಳಲಿಕ್ಕೆ. ಹಿರಿಯರೆಲ್ಲ "ಛಲೋ ಆತು, ಛಲೋ ಆತು" ಎಂದರು.

ಕಾರಹುಣ್ಣಿಮೆಗೆ ಮೊದಲೇ ಲಗ್ನವಾಯಿತು. ತನ್ನ ಲಗ್ನಪತ್ರಿಕೆಯನ್ನು ವಿದ್ಯಾವತಿ ಜೋಹರಾಬಿಯ ಹಳೆಯ ಕುಂಟು ಮಷೀನಿನಲ್ಲಿ ತಾನೇ ಕೂಡಿಸಿದಳು. ಒಂದು ತಪ್ಪಿರಲಿಲ್ಲ. ಹೊರಡುವಾಗ ಅಮಿತ, "ಅಕ್ಕಾ, ಮಷೀನು ಒಯ್ಯಿ, ನಾ ಇನ್ನ ಮುಟ್ಟಂಗಿಲ್ಲ" ಎಂದು ಅತ್ತ. "ಅದು ನಿನಗಿರಲಿ, ಓದು" ಎಂದಳು. ಅದು ಮನೆಯಲ್ಲೇ ಉಳಿಯಿತು. ರುಕ್ಮವ್ವ ಮಾತ್ರ ಆ ಕೌದಿಯನ್ನು ಮತ್ತೆ ಯಾವುದಕ್ಕೂ ಹೊದಿಸಲಿಲ್ಲ. ಮಡಚಿ ಟ್ರಂಕಿನ ತಳದಲ್ಲಿಟ್ಟಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಶ್ರಾವಣ ಬಂತು. ಮೊದಲ ಪಂಚಮಿಗೆ ಮಗಳನ್ನು ಕರೆತರಲು ಗುರಪ್ಪ ಒಂದು ಚೀಲ ತೆಳು ತೊಗಲಿನ ನಿಂಬೆ ಆರಿಸಿಕೊಂಡು ಬಾಗೇವಾಡಿಗೆ ಹೋದ. ಬೀಗರು ಚೆನ್ನಾಗಿಯೇ ಕೂಡಿಸಿದರು. ಅಳಿಯ ಒಳ್ಳೆಯವನು, ನಗುಮುಖ. ಊಟವಾದ ಮೇಲೆ ಕಲ್ಮೇಶ ಒಂದು ಕಾಗದ ಬಿಚ್ಚಿದ.

"ಮಾವಾರ, ಅಂಗಡಿ ಲೆಕ್ಕಕ್ಕ ಒಂದು ಕಂಪ್ಯೂಟರ್ ತರಬೇಕಂತ ಮಾಡೇವ್ರಿ. ಎರಡು ಥರದ್ದು ಬರದು ಕೊಟ್ಟಾರ. ನಿಮ್ಮ ಮನ್ಯಾಗ ಐತೆಲ್ಲ, ಯಾವುದು ತರಬೇಕು ಹೇಳ್ರಿ."

ಗುರಪ್ಪನ ಮುಖ ಅರಳಿತು. ಇಷ್ಟು ತಿಂಗಳು ಎದೆಯಲ್ಲಿ ಸಿಕ್ಕಿಕೊಂಡಿದ್ದ ಮಾತಿಗೆ ದೇವರೇ ಬಾಗಿಲು ತೆಗೆದಂತಾಯಿತು.

"ನನ್ನ ಕೇಳಬ್ಯಾಡ್ರಿ, ವಿದ್ಯಾನ್ನ ಕೇಳ್ರಿ. ಆಕಿಗೆ ತಿಳದಷ್ಟು ಬಿಜಾಪುರದಾಗೂ ಯಾರಿಗೂ ತಿಳಿಯಂಗಿಲ್ಲ. ಅವತ್ತ ಆಕಿ ಹೇಳಿದ್ದ ಖರೇ ಇತ್ತು. ನಾ ಕೇಳಲಿಲ್ಲ. ತಪ್ಪು ನಂದ."

ಎಲ್ಲರೂ ತಿರುಗಿ ನೋಡಿದರು. ವಿದ್ಯಾವತಿ ಶರಬತ್ತಿನ ಲೋಟಗಳನ್ನು ಹಿಡಿದು ನಿಂತಿದ್ದಳು. ಕಲ್ಮೇಶ ಕಾಗದವನ್ನು ಆಕೆಯ ಕಡೆ ಚಾಚಿದ. ಆಕೆ ಅದನ್ನು ಮುಟ್ಟಲಿಲ್ಲ, ಮೇಲಿಂದಲೇ ಒಮ್ಮೆ ನೋಡಿದಳು.

"ನನಗೇನ್ ತಿಳೀತೈತ್ರಿ," ಎಂದಳು. "ನಂಬರ್ ದೊಡ್ಡದಿದ್ದದ್ದ ತರ್ರಿ. ಮಂದಿ ನೋಡಿದ್ರ ಛಲೋ ಕಾಣ್ತೈತಿ."

ಕಲ್ಮೇಶ ತಲೆಯಾಡಿಸಿ ದೊಡ್ಡ ನಂಬರಿನ ಮುಂದೆ ಗೀಟು ಹಾಕಿದ. ಆಕೆ ಲೋಟಗಳನ್ನು ಎಲ್ಲರ ಮುಂದಿಟ್ಟು ಒಳಗೆ ಹೋದಳು.

ಇಂಡಿಗೆ ಹೋಗಲು ಬಿಜಾಪುರದಲ್ಲಿ ಇಳಿದು ಬಸ್ಸು ಬದಲಿಸಬೇಕು; ಬಿಜಾಪುರದ ಬಸ್ಸಿನಲ್ಲಿ ಮಗಳನ್ನು ಕಿಟಕಿಯ ಪಕ್ಕ ಕೂಡಿಸಿ ಗುರಪ್ಪ ತಾನೂ ಕೂತ. ಆಮೇಲೆ ತಡೆಯಲಾಗಲಿಲ್ಲ.

"ಖರೇ ಹೇಳವಾ. ಯಾವುದು ತರಬೇಕು ಅವರು?"

"ಸಣ್ಣ ನಂಬರಿಂದು."

"ಗೊತ್ತಿದ್ದೂ ಯಾಕ ಹೇಳಲಿಲ್ಲ ತಾಯಿ?"

ವಿದ್ಯಾವತಿ ಸೆರಗು ಸರಿಪಡಿಸಿಕೊಂಡಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಮ್ಮಿ ಹೇಳಿದ್ನೆಲ್ಲಪ್ಪಾ."

ಅಷ್ಟರಲ್ಲಿ ಕಂಡಕ್ಟರ್ ಬಂದು ನಿಂತ. ಗುರಪ್ಪ ಅಂಗಿಯ ಕಿಸೆಗೆ ಕೈ ಹಾಕಿ, "ಬಿಜಾಪುರ, ಎರಡು" ಎಂದ.